ಬೆನ್ನ ಮೇಲೆ ಮಲಗಿ ಕಾದಾಡಿದ ಜಟ್ಟಿ: ಆಂಟೋನಿಯೊ ಇನೋಕಿಯನ್ನು ಏನೆಂದು ಕರೆಯೋಣ?

ಕೆಮ್ಮಣ್ಣು:

ನಮ್ಮ ಸೋದರಮಾವ ಮೈಸೂರಿನ ಗರಡಿಯೊಂದರಲ್ಲಿ ಹದಿನೈದು ವರ್ಷ ಸಾಮು ಮಾಡಿದವರು. ಈಗ ಎಪ್ಪತ್ತು ದಾಟಿದೆ, ಮಂಡಿ ನೋವು, ಆದರೆ ಕುಸ್ತಿಯ ವಿಚಾರ ಬಂದರೆ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಕಳೆದ ಭಾನುವಾರ ಅವರಿಗೆ 1976ರ ಜೂನ್ 26ರಂದು ಟೋಕಿಯೊದ ನಿಪ್ಪೋನ್ ಬುಡೊಕಾನ್ ಸಭಾಂಗಣದಲ್ಲಿ ನಡೆದ ಬಾಕ್ಸರ್ ಮುಹಮ್ಮದ್ ಅಲಿ ಮತ್ತು ಜಪಾನಿನ ವೃತ್ತಿಪರ ಕುಸ್ತಿಪಟು ಆಂಟೋನಿಯೊ ಇನೋಕಿಯ ಕಾಳಗವನ್ನು ಮೊಬೈಲಿನಲ್ಲಿ ತೋರಿಸಿದೆ. ಗಂಟೆ ಬಾರಿಸಿದ ಕೂಡಲೇ ಇನೋಕಿ ಓಡಿ ಬಂದು, ಜಾರಿ, ಅಲಿಯ ಕಾಲಿಗೆ ಒದೆಯಲು ಹೋಗಿ ಬೆನ್ನ ಮೇಲೆ ಬಿದ್ದ. ಬಿದ್ದವನು ಏಳಲಿಲ್ಲ, ಅಲ್ಲೇ ಮಲಗಿಕೊಂಡು ಕಾಲು ಬೀಸತೊಡಗಿದ. ಮಾವ ಕನ್ನಡಕ ತೆಗೆದರು. "ಬೆನ್ನು ನೆಲಕ್ಕೆ ತಾಗಿತಲ್ಲ, ಚಿತ್. ಮುಗಿಯಿತು. ಇನ್ನೇನು ನೋಡುವುದು?"

ಇನ್ನೂ ಹದಿನಾಲ್ಕೂವರೆ ಸುತ್ತು ಬಾಕಿ ಇದೆ ಮಾವ ಎಂದೆ. ಅವರು ಪೂರ್ತಿ ನೋಡಿದರು. ನಡುವೆ ಒಮ್ಮೆ ಕಾಫಿಗೆ ಎದ್ದು ಹೋದರು, ವಾಪಸು ಬಂದಾಗಲೂ ಇನೋಕಿ ಮಲಗಿಯೇ ಇದ್ದ.

ಗೊತ್ತಿಲ್ಲದವರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಜವಾದ ಹೆಸರು ಕಾಂಜಿ ಇನೋಕಿ. 1943ರ ಫೆಬ್ರುವರಿ 20ರಂದು ಯೊಕೊಹಾಮಾದಲ್ಲಿ, ಹನ್ನೊಂದು ಮಕ್ಕಳ ಮನೆಯಲ್ಲಿ ಹುಟ್ಟಿದವನು. ಐದು ವರ್ಷದವನಿದ್ದಾಗ ತಂದೆ ತೀರಿಕೊಂಡರು. ಯುದ್ಧದ ನಂತರದ ಬಡತನ. 1957ರಲ್ಲಿ ಮನೆಮಂದಿ ಹಡಗು ಹತ್ತಿ ಬ್ರೆಜಿಲ್‌ಗೆ ಹೊರಟರು. ದಾರಿಯಲ್ಲೇ ಅಜ್ಜ ತೀರಿಕೊಂಡರು, ಹೆಣವನ್ನು ಸಮುದ್ರಕ್ಕೇ ಒಪ್ಪಿಸಿದರು. ಅಲ್ಲಿ ಕಾಫಿ ತೋಟದ ಕೂಲಿ. ಹದಿನೇಳರ ಹುಡುಗ ಗುಂಡು ಎಸೆತ, ಚಕ್ರ ಎಸೆತದಲ್ಲಿ ಹೆಸರು ಮಾಡುತ್ತಿದ್ದಾಗ, 1960ರಲ್ಲಿ, ಬ್ರೆಜಿಲ್ ಪ್ರವಾಸಕ್ಕೆ ಬಂದಿದ್ದ ರಿಕಿದೋಜಾನ್ ಕಣ್ಣಿಗೆ ಬಿದ್ದ. ಜಪಾನಿನ ವೃತ್ತಿಪರ ಕುಸ್ತಿಗೆ ಅಡಿಪಾಯ ಹಾಕಿದವನೇ ಈ ರಿಕಿದೋಜಾನ್. ಅದೇ ವರ್ಷ ಸೆಪ್ಟೆಂಬರ್ 30ರಂದು ಟೋಕಿಯೊದಲ್ಲಿ ಮೊದಲ ಕುಸ್ತಿ, ಮೊದಲ ಸೋಲು. ಸೋಲಿಸಿದವನು ಕಿಂತಾರೊ ಓಕಿ. ಅದೇ ದಿನ, ಅದೇ ರಿಂಗಿನಲ್ಲಿ ಇನ್ನೊಬ್ಬ ಹೊಸಬನೂ ಇಳಿದಿದ್ದ, ಅವನು ಗೆದ್ದ: ಜೈಂಟ್ ಬಾಬಾ. ಮುಂದಿನ ಮೂವತ್ತು ವರ್ಷ ಜಪಾನಿನ ಕುಸ್ತಿ ಈ ಇಬ್ಬರ ನಡುವೆ ಹಂಚಿಹೋಯಿತು.

ನನ್ನ ಪ್ರಶ್ನೆ ಇಷ್ಟೇ. ಇಂಥವನನ್ನು ನಾವು ಪೈಲ್ವಾನ್ ಎನ್ನಬೇಕೋ, ನಟ ಎನ್ನಬೇಕೋ? ಮಾವನ ತೀರ್ಪನ್ನು ಕೊನೆಯಲ್ಲಿ ಹೇಳುತ್ತೇನೆ, ಮೊದಲು ನಿಮ್ಮದು ಕೇಳೋಣ.

ಲೆಕ್ಕದವನು:

ಇದರಲ್ಲಿ ಪ್ರಶ್ನೆ ಏನು ಬಂತು ಸ್ವಾಮಿ? ವೃತ್ತಿಪರ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಮಾತಾಗಿರುತ್ತದೆ. ನಾವು ತೊಂಬತ್ತರ ದಶಕದಲ್ಲಿ ಶಾಲೆಯ ಹಿಂದಿನ ಬೆಂಚಿನಲ್ಲಿ ರೆಸ್ಲಿಂಗ್ ಕಾರ್ಡು ಆಡಿದವರು. ಎತ್ತರ, ತೂಕ, ಎದೆ ಸುತ್ತಳತೆ, ರ್‍ಯಾಂಕು. ಒಂದು ಕಾರ್ಡಿಗಾಗಿ ಜಡೆ ಜಗಳವಾಗಿ ಮೇಷ್ಟರು ಇಡೀ ಕಟ್ಟನ್ನು ಕಸಿದುಕೊಂಡರು. ಆಮೇಲೆ ಎಲ್ಲವೂ ನಾಟಕವೆಂದು ಗೊತ್ತಾದಾಗ ಆದ ಮುಜುಗರ ಈಗಲೂ ಇದೆ. ಅದಕ್ಕೇ ನನಗೆ ಈ ವಿಷಯದಲ್ಲಿ ಭಾವುಕತೆ ಕಡಿಮೆ.

ಇನೋಕಿಯ ಖಾತೆಯನ್ನೇ ತೆಗೆಯಿರಿ. 1971ರ ಡಿಸೆಂಬರಿನಲ್ಲಿ ಅವನಿದ್ದ ಹಳೆಯ ಕುಸ್ತಿ ಸಂಸ್ಥೆ ಅವನನ್ನು ಹೊರಹಾಕಿತು. 1972ರ ಜನವರಿಯಲ್ಲಿ ನ್ಯೂ ಜಪಾನ್ ಪ್ರೊ ರೆಸ್ಲಿಂಗ್ ಕಟ್ಟಿದ. ಅಂದರೆ ಸಂಸ್ಥೆಯ ಒಡೆಯನೂ ಅವನೇ, ಮುಖ್ಯ ಜಟ್ಟಿಯೂ ಅವನೇ. ಒಡೆಯನೇ ಗೆಲ್ಲುತ್ತಾ ಹೋದರೆ ಅದನ್ನು ಸಾಧನೆಯ ಲೆಕ್ಕಕ್ಕೆ ಸೇರಿಸಬೇಕೇ? 1983ರ ಜೂನ್ 2ರಂದು ತನ್ನದೇ ಸಂಸ್ಥೆಯ ಐಡಬ್ಲ್ಯುಜಿಪಿ ಎಂಬ ಲೀಗಿನ ಫೈನಲ್‌ನಲ್ಲಿ ಅಮೆರಿಕದ ಕುಸ್ತಿಪಟು ಹಲ್ಕ್ ಹೋಗನ್ ಹೊಡೆತಕ್ಕೆ ರಿಂಗಿನ ಅಂಚಿನಲ್ಲಿ ಬಿದ್ದು, ನಾಲಿಗೆ ಹೊರಚಾಚಿ, ಎಚ್ಚರ ತಪ್ಪಿದವನಂತೆ ಮಲಗಿದನಲ್ಲ, ಅದನ್ನು ನೋಡಿ. ಎಚ್ಚರ ತಪ್ಪಿದವರ ನಾಲಿಗೆ ಹಾಗೆ ಶಿಸ್ತಾಗಿ ಹೊರಗೆ ಬರುತ್ತದೆಯೇ ಎಂದು ಅಲ್ಲಿನವರೇ ಇವತ್ತಿಗೂ ವಾದ ಮಾಡುತ್ತಾರೆ.

ಕೆಮ್ಮಣ್ಣು:

ಲೆಕ್ಕದವರೇ, ಆ ಫೈನಲ್‌ನಲ್ಲಿ ಒಡೆಯನೇ ಸೋತನಲ್ಲ? ಎಲ್ಲರೂ ಇನೋಕಿಯೇ ಗೆಲ್ಲುತ್ತಾನೆಂದು ಟಿವಿ ಮುಂದೆ ಕೂತಿದ್ದರು. ನ್ಯೂ ಜಪಾನ್‌ನ ಮೊದಲ ಪ್ರದರ್ಶನ, 1972ರ ಮಾರ್ಚ್ 6, ಅಲ್ಲೂ ಕಾರ್ಲ್ ಗೋಚ್‌ಗೆ ಸೋತೇ ಅಂಗಡಿ ತೆರೆದ. ನಿಮ್ಮ ಲೆಕ್ಕಪುಸ್ತಕದಲ್ಲಿ ಇದು ಯಾವ ಕಾಲಂಗೆ ಬರುತ್ತದೆ?

ಚೌಕಿಮನೆ:

ನಾನು ಕುಂದಾಪುರದ ಕಡೆಯವನು. ಗರಡಿ ಕಂಡವನಲ್ಲ, ಆದರೆ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳುತ್ತಾ ಬೆಳೆದವನು. ಲೆಕ್ಕದವರ ವಾದಕ್ಕೆ ಅಲ್ಲಿಂದ ಒಂದು ಉತ್ತರ ಸಿಗುತ್ತದೆ ಅನಿಸುತ್ತದೆ.

ವಾಲಿ ವಧೆ ಪ್ರಸಂಗ ಇಟ್ಟರೆ ವಾಲಿ ಸಾಯುತ್ತಾನೆ. ಇದು ಸಭೆಯಲ್ಲಿ ಕೂತ ಎಂಟು ವರ್ಷದ ಹುಡುಗನಿಗೂ ಗೊತ್ತು. ಹಾಗಾದರೆ ಜನ ರಾತ್ರಿ ನಿದ್ದೆಗೆಟ್ಟು ಏಕೆ ಕೂರುತ್ತಾರೆ? ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಏನು ಉತ್ತರಿಸುತ್ತಾನೆ ಎಂದು ಕೇಳಲು. ಆ ಮಾತು ಬರೆದಿಟ್ಟದ್ದಲ್ಲ. ಭಾಗವತರ ಪದ್ಯವಷ್ಟೇ ಖಾಯಂ, ಅರ್ಥ ಅಲ್ಲೇ ಹುಟ್ಟಬೇಕು. ಒಳ್ಳೆಯ ಅರ್ಥಧಾರಿ ವಾಲಿಯ ಕಡೆ ಕೂತರೆ ರಾಮನ ಅರ್ಥಧಾರಿ ಬೆವರುತ್ತಾನೆ. ಪ್ರಸಂಗದಲ್ಲಿ ಸತ್ತವನು ಸಭೆಯಲ್ಲಿ ಗೆದ್ದು ಎದ್ದು ಹೋಗುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಒಮ್ಮೊಮ್ಮೆ ಇಬ್ಬರಿಗೂ ನಿಜವಾಗಿಯೇ ಸಿಟ್ಟು ಬಂದು, ಭಾಗವತರು ತಾಳ ತಟ್ಟಿ ಮುಂದಿನ ಪದ್ಯಕ್ಕೆ ಎಳೆದುಕೊಂಡು ಹೋಗಬೇಕಾಗುತ್ತದೆ.

ಜಪಾನಿನ ಪುರೊರೆಸುವನ್ನು ಹೀಗೆ ನೋಡಿದರೆ ನನಗೆ ಅರ್ಥವಾಗುತ್ತದೆ. (ಅಲ್ಲಿನವರು ಪ್ರೊ ರೆಸ್ಲಿಂಗನ್ನು ಪುರೊರೆಸು ಎನ್ನುತ್ತಾರೆ.) ಕೊನೆ ಗೊತ್ತಿರಬಹುದು, ಆದರೆ ಒದೆ ಒದೆಯೇ, ಬೀಳುವ ಬೆನ್ನು ಬೆನ್ನೇ. 1974ರ ಮಾರ್ಚ್ 19ರಂದು ಸ್ಟ್ರಾಂಗ್ ಕೊಬಯಾಶಿ ಎದುರಿನ ಕುಸ್ತಿಯ ಕೊನೆಯನ್ನು ನೋಡಿ. ಅಷ್ಟು ಭಾರದ ಆಳನ್ನು ಹಿಂದಿನಿಂದ ಸೊಂಟ ಹಿಡಿದು ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತಾನೆ. ಎಸೆದ ರಭಸಕ್ಕೆ ಇನೋಕಿಯ ಎರಡೂ ಪಾದ ನೆಲ ಬಿಟ್ಟು ಮೇಲೇಳುತ್ತವೆ, ಒಂದು ಕ್ಷಣ ಇಡೀ ಭಾರ ಅವನ ಕುತ್ತಿಗೆಯ ಮೇಲೆ. ಅದನ್ನು ನಾಟಕ ಎನ್ನುವವರು ಒಮ್ಮೆ ಹಾಸಿಗೆಯ ಮೇಲಾದರೂ ಮಾಡಿ ತೋರಿಸಲಿ.

ಇನೋಕಿಯ ವಿಶೇಷ ಏನೆಂದರೆ, ಅವನು ಭಾಗವತನೇ ಇಲ್ಲದ ಸಭೆಗೂ ಹೋಗಿ ಕೂತ. ಅಲಿಯ ಜೊತೆ ಆದದ್ದು ಅದೇ. ಪ್ರಸಂಗ ಯಾವುದೆಂದು ಇಬ್ಬರೂ ಒಪ್ಪಿಕೊಳ್ಳದೆ ಚೌಕಿಯಿಂದ ಹೊರಗೆ ಬಂದರು.

ಹಳೇಪೇಟೆ:

ಚೌಕಿಮನೆಯವರೇ, ನಮಸ್ಕಾರ. ಆ ಕೊನೆಯ ಸಾಲಿಗಾಗಿ ಇಡೀ ಚರ್ಚೆಯನ್ನು ಓದಬಹುದು.

ಲೆಕ್ಕದವನು:

ಹೋಲಿಕೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ತಾಳಮದ್ದಳೆಯವರು "ನಾವೇ ನಿಜವಾದ ರಾಮ, ಇದೇ ನಿಜವಾದ ಬಾಣ" ಎಂದು ಟಿಕೆಟ್ ಮಾರುವುದಿಲ್ಲ. ಇನೋಕಿ ಜೀವನವಿಡೀ ಮಾರಿದ್ದು ಅದನ್ನೇ. ತನ್ನದೇ ಜಗತ್ತಿನ ಅತಿ ಬಲಿಷ್ಠ ಕುಸ್ತಿ ಎಂದು.

ಕೆಮ್ಮಣ್ಣು:

ಹಾಗೆ ಮಾರಿದ್ದಕ್ಕೇ ಅಲಿಯವರೆಗೆ ಹೋಗಬೇಕಾಯಿತು. ಆ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

1975ರಲ್ಲಿ ಅಮೆರಿಕದ ಒಂದು ಔತಣಕೂಟದಲ್ಲಿ ಅಲಿ ಜಪಾನಿನ ಹವ್ಯಾಸಿ ಕುಸ್ತಿ ಸಂಘದ ಅಧ್ಯಕ್ಷ ಇಚಿರೊ ಹಟ್ಟಾ ಅವರಿಗೆ, ನನ್ನನ್ನು ಎದುರಿಸುವ ಪೂರ್ವದೇಶದ ಗಂಡು ಯಾರಾದರೂ ಇದ್ದಾನೆಯೇ, ಗೆದ್ದರೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆ ಎಂಬರ್ಥದಲ್ಲಿ ಸವಾಲು ಎಸೆದ. ಅಲಿಯ ಬಾಯಿಗೆ ಅದು ದಿನನಿತ್ಯದ ಮಾತು. ಇನೋಕಿ ಅದನ್ನು ಬಿಡಲಿಲ್ಲ. ಹತ್ತು ಲಕ್ಷದ ಜಾಗದಲ್ಲಿ ಅಲಿಗೇ 60 ಲಕ್ಷ ಡಾಲರ್ ಕೊಡುತ್ತೇವೆ ಬಾ ಎಂದರು. ಅಲಿಯ ಕಾಳಗಕ್ಕೂ ಮೊದಲು, 1976ರ ಫೆಬ್ರುವರಿ 6ರಂದು, ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದಿದ್ದ ಡಚ್ ಜೂಡೊ ಪಟು ವಿಲೆಮ್ ರುಸ್ಕಾನನ್ನು ಇದೇ ಬುಡೊಕಾನ್‌ನಲ್ಲಿ ಸೋಲಿಸಿದ್ದ. ಅದು ಮಾತಾದ ಕುಸ್ತಿ. ಅಲಿಯದ್ದು ಹಾಗಾಗಲಿಲ್ಲ.

ಅಲಿಯ ಕಡೆಯವರು ಬಂದು ನೋಡಿದರು, ಇವನು ನಿಜವಾಗಿಯೇ ಕಾದಾಡಲು ಸಿದ್ಧನಾಗಿದ್ದಾನೆ. ನಿಯಮಗಳು ಬಿಗಿಯಾದವು. ಎತ್ತಿ ಎಸೆಯುವುದು, ಹಿಡಿದು ತಿರುಚುವುದು, ಗರಡಿಯವರು ಪಟ್ಟು ಎನ್ನುವ ಎಲ್ಲದಕ್ಕೂ ಬೇಲಿ. ಒಂದು ಮಂಡಿ ನೆಲದಲ್ಲಿದ್ದರೆ ಮಾತ್ರ ಒದೆಯಬಹುದು ಎಂಬ ಕಟ್ಟಳೆ ಇತ್ತೆಂದೇ ಸಾಮಾನ್ಯವಾಗಿ ಹೇಳುತ್ತಾರೆ. ಹಾಗಾದರೆ ಅವನಿಗೆ ಉಳಿದದ್ದೇನು? ನೆಲ ಮತ್ತು ಕಾಲು. ಎದ್ದು ನಿಂತರೆ ಜಗತ್ತಿನ ಅತ್ಯಂತ ವೇಗದ ಹೆವಿವೇಟ್ ಮುಷ್ಟಿ ಕಾದಿದೆ, ಅದೂ ನಾಲ್ಕೇ ಔನ್ಸಿನ ತೆಳು ಗ್ಲೌಸಿನಲ್ಲಿ. ಮಲಗಿದರೆ ಅಲಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ.

ಹದಿನೈದು ಸುತ್ತಿನಲ್ಲಿ ಅಲಿ ಹೊಡೆದ ಗುದ್ದುಗಳನ್ನು ಬೆರಳಿನಲ್ಲಿ ಎಣಿಸಬಹುದು. ಇನೋಕಿಯ ಒದೆಗಳು ನೂರರ ಆಸುಪಾಸು. ಬಹುತೇಕ ಎಲ್ಲವೂ ಒಂದೇ ಜಾಗಕ್ಕೆ, ಎಡ ಮಂಡಿಯ ಹಿಂಭಾಗ ಮತ್ತು ತೊಡೆ. ಅಲಿಯ ಚರ್ಮ ಕಿತ್ತು ಬರುತ್ತಿದೆಯೆಂದು ಅವನ ತರಬೇತುದಾರ ಆಂಜೆಲೊ ಡಂಡಿ ನಡುವೆ ಆಟ ನಿಲ್ಲಿಸಿ ಇನೋಕಿಯ ಬೂಟಿಗೆ ಟೇಪು ಸುತ್ತಿಸಿದ. ಆರನೇ ಸುತ್ತಿನಲ್ಲಿ ಅಲಿ ಕಾಲು ಹಿಡಿಯಲು ಹೋಗಿ ತಾನೇ ಕೆಳಗೆ ಬಿದ್ದ. ಇನೋಕಿ ಮೇಲೆ ಕೂತ, ಮೊಣಕೈ ಹಾಕಿದ, ಅದು ನಿಯಮಬಾಹಿರವೆಂದು ಅಂಕ ಕಡಿತವಾಯಿತು. ಕೊನೆಗೆ ಡ್ರಾ. ಜನ ರಿಂಗಿಗೆ ಕಸ ಎಸೆದರು, ಮರುದಿನದ ಪತ್ರಿಕೆಗಳು ಉಗಿದವು. ಅಲಿ ಮಾತ್ರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಬೇಕಾಯಿತು.

ಅಂದು ಬೇಸರವೆಂದು ಬೈದವರ ಮೊಮ್ಮಕ್ಕಳು ಇಂದು ಅದೇ ತೊಡೆಯ ಒದೆಯನ್ನು ಮಿಶ್ರ ಕದನ ಕಲೆಯ (ಗುದ್ದು, ಒದೆ, ಪಟ್ಟು ಎಲ್ಲಕ್ಕೂ ಅವಕಾಶವಿರುವ ಎಂಎಂಎ) ಮೊದಲ ಪಾಠವೆಂದು ಕಲಿಯುತ್ತಿದ್ದಾರೆ.

ಗೋಕಾಕ ದಾರಿ:

ನಮ್ಮ ಕಡೆ ಮಾತಾಡಿಕೊಂಡು ಆಡುವ ಕುಸ್ತಿಗೆ ಮರಾಠಿ, ಉರ್ದುವಿನವರಂತೆ ನೂರಾ ಕುಸ್ತಿ ಎನ್ನುತ್ತಾರೆ. ಜಾತ್ರೆಯ ಕಣದಲ್ಲಿ ನೂರಾ ಎಂದು ಒಬ್ಬ ಕೂಗಿದರೆ ಸಾಕು, ತೆಂಗಿನಕಾಯಿ ಒಡೆದು ಪೂಜೆ ಮಾಡಿದ ಕಣದಲ್ಲೇ ಇಬ್ಬರ ಮರ್ಯಾದೆಯೂ ಹೋಗುತ್ತದೆ. ಅದಕ್ಕೆ ನನಗೆ ಇನೋಕಿಯ ವಿಷಯದಲ್ಲಿ ಅಲಿಗಿಂತ ಕರಾಚಿಯ ಕುಸ್ತಿ ಮುಖ್ಯ. ಅಲ್ಲಿ ಎದುರಿಗೆ ನಿಂತದ್ದು ನಮ್ಮದೇ ಮಣ್ಣಿನ ವಿದ್ಯೆ.

ಗಾಮಾ ಪೈಲ್ವಾನರ ಹೆಸರು ಕೇಳದ ಗರಡಿ ಕರ್ನಾಟಕದಲ್ಲಿ ಇರಲಾರದು. ಆ ಗಾಮಾರ ತಮ್ಮ ಇಮಾಮ್ ಬಕ್ಷ್. ಅವರ ಮಕ್ಕಳು ಭೋಲು ಸಹೋದರರು, ದೇಶ ವಿಭಜನೆಯ ನಂತರ ಪಾಕಿಸ್ತಾನದಲ್ಲಿ ಕುಸ್ತಿಯೆಂದರೆ ಇವರೇ. ಅವರಲ್ಲೊಬ್ಬ ಅಕ್ರಮ್. 1976ರ ಡಿಸೆಂಬರ್ 12ರಂದು, ಅಲಿಯ ಕಾಳಗವಾಗಿ ಆರು ತಿಂಗಳೂ ಆಗಿರಲಿಲ್ಲ, ಕರಾಚಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ಇನೋಕಿ ಮತ್ತು ಅಕ್ರಮ್. ಮಾತುಕತೆ ಮುರಿದು ಇದು ನಿಜದ ಕಾಳಗವಾಯಿತು ಎಂಬುದರಲ್ಲಿ ಎರಡೂ ಕಡೆಯವರಿಗೆ ತಕರಾರಿಲ್ಲ. ಒಬ್ಬ ಕಚ್ಚಿದ, ಇನ್ನೊಬ್ಬ ಕಣ್ಣಿಗೆ ಬೆರಳು ಹಾಕಿದ ಎಂಬ ಕಥೆಗಳೂ ಇವೆ. ಮೂರನೇ ಸುತ್ತಿನಲ್ಲಿ ಇನೋಕಿ ಅಕ್ರಮ್‌ನ ತೋಳನ್ನು ಎರಡೂ ಕೈಯಿಂದ ಕೊಕ್ಕೆ ಹಾಕಿ ಹಿಂದಕ್ಕೆ ತಿರುಚಿದ. ಅಕ್ರಮ್ ಸೋಲೊಪ್ಪಲಿಲ್ಲ. ಭುಜ ಹೋಯಿತು. "ಮುರಿದೆ!" ಎಂದು ಇನೋಕಿ ಕೂಗಿದ್ದು ಜಪಾನಿನಲ್ಲಿ ದಂತಕಥೆ. ಇಡೀ ಸ್ಟೇಡಿಯಂ ಸ್ತಬ್ಧ.

ಅಕ್ರಮ್ ಏಕೆ ಸೋಲೊಪ್ಪಲಿಲ್ಲ ಎಂದು ವಿದೇಶಿಯರು ಬರೆಯುವಾಗ ಹಟ ಎನ್ನುತ್ತಾರೆ. ನಾನು ಬೇರೆ ರೀತಿ ನೋಡುತ್ತೇನೆ. ಮಟ್ಟಿಯ ಕುಸ್ತಿಯಲ್ಲಿ ನೋವಿಗೆ ನೆಲ ತಟ್ಟಿ "ಸಾಕು" ಎನ್ನುವ ಪದ್ಧತಿಯೇ ಇಲ್ಲ. ಬೆನ್ನು ತಾಗಬೇಕು, ಆಗ ಸೋಲು. ತೋಳು ಮುರಿದರೂ ಬೆನ್ನು ತಾಗಿಲ್ಲವಲ್ಲ! ಅತ್ತ ಇನೋಕಿಗೆ ಬೆನ್ನು ತಾಗುವುದು ಲೆಕ್ಕಕ್ಕೇ ಇಲ್ಲ. ಕೆಮ್ಮಣ್ಣು ಅವರ ಮಾವ ಮೊದಲ ಸುತ್ತಿಗೇ ಕನ್ನಡಕ ತೆಗೆದದ್ದೂ, ಅಕ್ರಮ್ ಸೋಲೊಪ್ಪದೆ ಉಳಿದದ್ದೂ ಒಂದೇ ಕಾರಣಕ್ಕೆ.

ಆಮೇಲಿನದು ಇನ್ನೂ ಸೊಗಸು. ಮನೆತನದ ಮಾನ ಉಳಿಸಲು ಅಕ್ರಮ್‌ನ ಅಣ್ಣನ ಮಗ ಝಾರಾನನ್ನು ತಯಾರು ಮಾಡಿದರು. 1979ರ ಜೂನ್‌ನಲ್ಲಿ ಲಾಹೋರಿನ ಗಡಾಫಿ ಸ್ಟೇಡಿಯಂ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗ. ಐದು ಸುತ್ತು ಮುಗಿದಾಗ ಇನೋಕಿ ತಾನೇ ಹೋಗಿ ಹುಡುಗನ ಕೈ ಮೇಲೆತ್ತಿದ. ಜಪಾನಿನ ದಾಖಲೆಯಲ್ಲಿ ಅದು ಡ್ರಾ, ಪಾಕಿಸ್ತಾನದಲ್ಲಿ ಝಾರಾನ ಗೆಲುವು. ಝಾರಾ 1991ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಎಷ್ಟೋ ವರ್ಷಗಳ ನಂತರ, 2012ರಲ್ಲಿ, ಇನೋಕಿ ಮತ್ತೆ ಪಾಕಿಸ್ತಾನಕ್ಕೆ ಬಂದ. ಅದೇ ಮನೆತನದ ಒಬ್ಬ ಹುಡುಗನನ್ನು ತರಬೇತಿಗೆಂದು ಜಪಾನಿಗೆ ಕರೆಸಿಕೊಂಡ. ತೋಳು ಮುರಿದವನೇ ಉಸ್ತಾದನಾದ.

ಕೆಮ್ಮಣ್ಣು:

ಅಣ್ಣಾ, ಇದನ್ನು ಮಾವನಿಗೆ ಓದಿ ಹೇಳಿದೆ. "ಬೆನ್ನು ತಾಗಿಲ್ಲವಲ್ಲ" ಎಂಬ ಮಾತಿಗೆ ತೊಡೆ ತಟ್ಟಿದರು, ನಿಜವಾಗಿ.

ಹಳೇಪೇಟೆ:

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಯಾರೂ ಇನ್ನೂ ಹೇಳಿಲ್ಲವೆಂದು ಹೇಳುತ್ತಿದ್ದೇನೆ. ಇನೋಕಿಗೆ ಮೀಸೆ ಇರಲಿಲ್ಲ, ಗದ್ದ ಇತ್ತು. ಆ ಉದ್ದ ಗದ್ದ ನೋಡಿಯೇ ಅಲಿ ಅವನಿಗೆ ಪೆಲಿಕನ್ ಎಂದು ಹೆಸರಿಟ್ಟದ್ದು.

ಒಸಾಕಾ ಕನ್ನಡಿಗ:

ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಇಲ್ಲಿನವರಿಗೆ ಇನೋಕಿ ಬರೀ ಕುಸ್ತಿಯವರಲ್ಲ ಎಂಬುದನ್ನು ಹೇಳಲು ಒಂದು ಘಟನೆ ಸಾಕು. ನಾನು ಸೇರಿದ ವರ್ಷದ ಕೊನೆಯ ಕಚೇರಿ ಔತಣ. ನಮ್ಮ ವಿಭಾಗದ ಹಿರಿಯರೊಬ್ಬರಿದ್ದರು, ಇಡೀ ವರ್ಷ ನನ್ನ ಜೊತೆ ಹತ್ತು ವಾಕ್ಯ ಆಡಿರಲಿಲ್ಲ. ಊಟ ಮುಗಿಯುವ ಹೊತ್ತಿಗೆ ಎದ್ದು ನಿಂತು, ಇನೋಕಿಯಂತೆಯೇ ಕತ್ತಿಗೆ ಕೆಂಪು ಟವೆಲ್ ಹಾಕಿಕೊಂಡು, ಗದ್ದ ಮುಂದೆ ಚಾಚಿ, "ಗೆಂಕಿ ದೆಸು ಕಾ!" ಎಂದು ಕೂಗಿದರು. ಆರೋಗ್ಯವಾಗಿದ್ದೀರಾ ಎಂದು ಅರ್ಥ. ಎಲ್ಲರೂ ದಡಬಡ ಎದ್ದರು. "ಇಚಿ, ನಿ, ಸಾನ್, ದಾ!" ಎಂದು ಮುಷ್ಟಿ ಎತ್ತಿದರು. ಒಂದು, ಎರಡು, ಮೂರು, ದಾ. ಆ ಕೊನೆಯ ದಾ ಎಂಬುದಕ್ಕೆ ಅರ್ಥ ಕೇಳಬೇಡಿ. ಎಲ್ಲರ ನಡುವೆ ನಾನೊಬ್ಬನೇ ಕೈಯಲ್ಲಿ ಊಟದ ಕಡ್ಡಿ ಹಿಡಿದು ಕೂತಿದ್ದೆ.

ಇನ್ನು ಆ ಕೆನ್ನೆಗೆ ಬಾರಿಸುವುದು. 1990ರಲ್ಲಿ ಪ್ರವೇಶ ಪರೀಕ್ಷೆಯ ತರಬೇತಿ ಶಾಲೆಯೊಂದಕ್ಕೆ ಭಾಷಣಕ್ಕೆ ಹೋಗಿದ್ದಾಗ ವಿದ್ಯಾರ್ಥಿಯೊಬ್ಬ ಅವರ ಹೊಟ್ಟೆಗೆ ಗುದ್ದಿ ಪರೀಕ್ಷಿಸಿದನಂತೆ. ಇವರು ಯೋಚಿಸುವ ಮೊದಲೇ ಕೈ ಹೋಗಿ ಅವನ ಕೆನ್ನೆಗೆ ಬಿತ್ತು. ಬಿದ್ದವನು ಎದ್ದು ಬಾಗಿ ಧನ್ಯವಾದ ಹೇಳಿದ. ಅಲ್ಲಿಂದ ಅದು ಆಶೀರ್ವಾದವಾಯಿತು. ಇನೋಕಿಯ ಕೈಯಿಂದ ಕಪಾಳಮೋಕ್ಷ ಮಾಡಿಸಿಕೊಳ್ಳಲು ಜನ ಸಾಲುಗಟ್ಟಿ ನಿಲ್ಲುತ್ತಿದ್ದರು, ಹೊಡೆಸಿಕೊಂಡು ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಾ ಹೋಗುತ್ತಿದ್ದರು. ಅದಕ್ಕೆ ತೋಕೊನ್ ಬಿಂತಾ ಎನ್ನುತ್ತಾರೆ. ತೋಕೊನ್ ಎಂದರೆ ಕಾದುವ ಛಲ, ಬಿಂತಾ ಎಂದರೆ ಕಪಾಳಕ್ಕೆ ಏಟು.

ರಾಜಕೀಯವನ್ನೂ ಯಾರೂ ಎತ್ತಿಲ್ಲ. 1989ರಲ್ಲಿ ಕ್ರೀಡೆ ಮತ್ತು ಶಾಂತಿ ಎಂದು ಪಕ್ಷ ಕಟ್ಟಿ ಮೇಲ್ಮನೆಗೆ ಆರಿಸಿಬಂದರು. ಮರುವರ್ಷ ಸದ್ದಾಂ ಹುಸೇನ್ ಕುವೈತನ್ನು ಆಕ್ರಮಿಸಿ, ಇರಾಕಿನಲ್ಲಿದ್ದ ಜಪಾನೀಯರನ್ನೂ ಒತ್ತೆಯಾಳುಗಳಾಗಿ ಇಟ್ಟುಕೊಂಡಾಗ ಸರ್ಕಾರ ಬೇಡವೆಂದರೂ ಇವರು ಬಾಗ್ದಾದಿಗೆ ಹೋದರು. ಡಿಸೆಂಬರಿನಲ್ಲಿ ಒತ್ತೆಯಾಳುಗಳ ಹೆಂಡತಿಯರನ್ನು ವಿಮಾನದಲ್ಲಿ ಕರೆದುಕೊಂಡು ಹೋಗಿ ಅಲ್ಲೊಂದು ಶಾಂತಿ ಉತ್ಸವ ನಡೆಸಿದರು. ಗಂಡಂದಿರು ಬಿಡುಗಡೆಯಾದರು. ಸದ್ದಾಂ ಹೇಗಿದ್ದರೂ ಬಿಡುವವನೇ ಇದ್ದ ಎಂದು ವಾದಿಸಬಹುದು. ಆ ಹೆಂಡತಿಯರ ಮುಂದೆ ಹೋಗಿ ವಾದಿಸಿ.

ಲೆಕ್ಕದವನು:

ಬಾಗ್ದಾದ್ ಒಪ್ಪಿದೆ. ಪ್ಯೊಂಗ್‌ಯಾಂಗ್? 1995ರ ಏಪ್ರಿಲ್ 28 ಮತ್ತು 29ರಂದು ಮೇ ಡೇ ಸ್ಟೇಡಿಯಂನಲ್ಲಿ ಎರಡು ದಿನ ಕುಸ್ತಿ, ಒಂದೊಂದು ದಿನಕ್ಕೂ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಜನ, ಜಗತ್ತಿನಲ್ಲೇ ದಾಖಲೆ ಎಂದು ಬರೆಯುತ್ತಾರೆ. ಅವರಲ್ಲಿ ತಾವಾಗಿ ಬಂದವರು ಎಷ್ಟು, ಸರ್ಕಾರ ಕರೆತಂದವರು ಎಷ್ಟು? ಅದನ್ನು ಪ್ರೇಕ್ಷಕರ ಸಂಖ್ಯೆ ಎಂದು ನಾನು ಬರೆದುಕೊಳ್ಳಲಾರೆ. ಅದೇ ವರ್ಷ ಜುಲೈ ಚುನಾವಣೆಯಲ್ಲಿ ಸೋತದ್ದೂ ಲೆಕ್ಕದಲ್ಲಿರಲಿ.

ಒಸಾಕಾ ಕನ್ನಡಿಗ:

ಸಂಖ್ಯೆಯ ವಿಷಯದಲ್ಲಿ ನಿಮ್ಮ ಅನುಮಾನ ಸರಿ. ಆದರೆ ಅವರು ಅಲ್ಲಿಗೇ ಏಕೆ ಹೋದರು ಎಂಬುದಕ್ಕೆ ಒಂದು ಹಿನ್ನೆಲೆ ಇದೆ. ಗುರು ರಿಕಿದೋಜಾನ್ ಹುಟ್ಟಿದ್ದು ಇಂದಿನ ಉತ್ತರ ಕೊರಿಯಾದ ನೆಲದಲ್ಲಿ. ಯುದ್ಧದಲ್ಲಿ ಸೋತ ಜಪಾನೀಯರಿಗೆ ಬಿಳಿಯ ಕುಸ್ತಿಪಟುಗಳನ್ನು ಕೆಡವಿ ತೋರಿಸಿ ಹೀರೊ ಆದವನು ಕೊರಿಯಾದವನೆಂಬುದನ್ನು ಬದುಕಿರುವವರೆಗೂ ಮುಚ್ಚಿಟ್ಟಿದ್ದರು. 1963ರ ಡಿಸೆಂಬರಿನಲ್ಲಿ ಕ್ಲಬ್ಬೊಂದರ ಜಗಳದಲ್ಲಿ ಚಾಕು ಇರಿತಕ್ಕೆ ಸಿಕ್ಕಿ ಒಂದು ವಾರದಲ್ಲಿ ಸತ್ತ. ಇನೋಕಿ ಅವನ ಮನೆಯಲ್ಲಿ ಊಳಿಗದ ಶಿಷ್ಯನಾಗಿದ್ದವರು, ಕಾರಣವಿಲ್ಲದೆ ಏಟು ತಿಂದವರು. ಮೂವತ್ತು ವರ್ಷದ ನಂತರ ಆ ಗುರುವಿನ ಊರಿನ ಕಡೆಗೆ ಕುಸ್ತಿ ಒಯ್ದರು. ಎರಡನೇ ದಿನ ಅಮೆರಿಕದ ಕುಸ್ತಿಪಟು ರಿಕ್ ಫ್ಲೇರ್ ಎದುರು ಆಡಿದರು, ಅಲಿ ಅತಿಥಿಯಾಗಿ ಬಂದು ಕೂತಿದ್ದ.

2013ರಲ್ಲಿ ಮತ್ತೆ ಸಂಸತ್ತಿಗೆ ಆರಿಸಿಬಂದವರು ಅನುಮತಿ ಇಲ್ಲದೆ ಮತ್ತೆ ಅಲ್ಲಿಗೆ ಹೋಗಿ 30 ದಿನ ಅಮಾನತಾದರು. ಪಾಠ ಕಲಿಯುವ ಜಾತಿಯಲ್ಲ.

ಕಬ್ಬಿನಗದ್ದೆ:

ನಾನು ಮಂಡ್ಯದವನು, ಕುಸ್ತಿ ತಿಳಿಯದು. ಆದರೆ ಇಲ್ಲಿ ಯಾರೂ ಹೇಳದ ಒಂದು ಸಂಗತಿ ಓದಿ ನಗು, ಮರುಕ ಎರಡೂ ಬಂತು. ಈ ಮನುಷ್ಯ ಬ್ರೆಜಿಲ್‌ನಲ್ಲಿ ಆಂಟೋನ್ ಹೈಸೆಲ್ ಎಂಬ ಕಂಪನಿ ಕಟ್ಟಿದ್ದ. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನು ದನದ ಮೇವು, ಗೊಬ್ಬರ ಮಾಡುವ ಯೋಜನೆ. ಆಗ ಬ್ರೆಜಿಲ್ ಕಬ್ಬಿನಿಂದ ವಾಹನಕ್ಕೆ ಆಲ್ಕೋಹಾಲ್ ಇಂಧನ ತಯಾರಿಸಲು ಹೊರಟಿತ್ತು, ಸಿಪ್ಪೆ ಬೆಟ್ಟದಷ್ಟು ಬೀಳುತ್ತಿತ್ತು. ಯೋಚನೆ ಕೆಟ್ಟದ್ದಲ್ಲ. ನಮ್ಮ ಸಕ್ಕರೆ ಕಾರ್ಖಾನೆಗಳು ಇವತ್ತು ಅದೇ ಸಿಪ್ಪೆಯಿಂದ ವಿದ್ಯುತ್ ತಯಾರಿಸುತ್ತಿವೆ.

ಆದರೆ ಒಣ ಸಿಪ್ಪೆಯನ್ನು ಹಸುವಿನ ಮುಂದೆ ಹಾಕಿ ನೋಡಿ. ಮೂಸಿ ಮುಖ ತಿರುಗಿಸುತ್ತದೆ. ಕಬ್ಬಿನ ಸೋಗೆ ಬೇಕಾದರೆ ತಿಂದೀತು, ಸಿಪ್ಪೆಯಲ್ಲಿ ಬರೀ ನಾರು, ಅರಗುವುದಿಲ್ಲ. ಅದನ್ನು ಹುದುಗಿಸಿ ಮೇವು ಮಾಡುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ, ಜೊತೆಗೆ ಬ್ರೆಜಿಲ್‌ನ ಹಣದುಬ್ಬರ. ಸಾಲ ಬೆಳೆಯಿತು. ಕುಸ್ತಿಯ ದುಡ್ಡು ಕಬ್ಬಿಗೆ ಹೋಗುತ್ತಿದೆಯೆಂದು 1983ರಲ್ಲಿ ಸ್ವಂತ ಸಂಸ್ಥೆಯಲ್ಲೇ ದಂಗೆಯೆದ್ದು ಅವನನ್ನು ಅಧ್ಯಕ್ಷ ಪದವಿಯಿಂದ ಇಳಿಸಿದರು. ಕೆಲವೇ ತಿಂಗಳಲ್ಲಿ ಮತ್ತೆ ಬಂದು ಕೂತನಂತೆ, ಅದು ಬೇರೆ ಮಾತು. ಕಬ್ಬು ನಂಬಿ ಸಾಲವಾದವರ ಪಟ್ಟಿಯಲ್ಲಿ ಜಪಾನಿನ ಜಟ್ಟಿಯೂ ಇದ್ದಾನೆಂದು ತಿಳಿದು ಒಂಥರಾ ಸಮಾಧಾನ.

ಚೌಕಿಮನೆ:

ಕಬ್ಬಿನಗದ್ದೆಯವರೇ, ನಗಿಸಿಬಿಟ್ಟಿರಿ.

ನಮ್ಮವನೊಬ್ಬನ ಹೆಸರು ಬಿಟ್ಟುಹೋಗಿದೆ, ಟೈಗರ್ ಜೀತ್ ಸಿಂಗ್. ಪಂಜಾಬಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋದವನು. ತಲೆಗೆ ಪೇಟ, ಬಾಯಿಯಲ್ಲಿ ಅಡ್ಡಲಾಗಿ ಕತ್ತಿ ಕಚ್ಚಿಕೊಂಡು ಪ್ರೇಕ್ಷಕರ ಮೇಲೇ ನುಗ್ಗಿ ಬರುವ ಬಣ್ಣದ ವೇಷ. 1973ರ ನವೆಂಬರಿನಲ್ಲಿ ಟೋಕಿಯೊದ ಶಿಂಜುಕುವಿನಲ್ಲಿ, ಇಸೆತಾನ್ ಅಂಗಡಿಯ ಮುಂದೆ, ಸಂಜೆಯ ಜನಜಂಗುಳಿಯಲ್ಲಿ ಹೆಂಡತಿಯ ಜೊತೆ ಸಾಮಾನು ಕೊಳ್ಳಲು ಬಂದಿದ್ದ ಇನೋಕಿಯ ಮೇಲೆ ಬಿದ್ದು ರಕ್ತ ಬರುವಂತೆ ಹೊಡೆದ. ಜನ ಪೊಲೀಸರನ್ನು ಕರೆದರು. ಹೆಂಡತಿ ಮಿತ್ಸುಕೊ ಬೈಶೊ ಹೆಸರಾಂತ ಚಿತ್ರನಟಿ, ಹಾಗಾಗಿ ಸುದ್ದಿ ಇನ್ನೂ ದೊಡ್ಡದಾಯಿತು. ಮುಂದಿನ ವರ್ಷ ಒಸಾಕಾದಲ್ಲಿ ಇನೋಕಿ ಅವನ ತೋಳು ಮುರಿದು ಸೇಡು ತೀರಿಸಿಕೊಂಡ ಎಂದು ಪ್ರಸಂಗ ಮುಂದುವರಿಯಿತು.

ರಂಗಸ್ಥಳ ಬಿಟ್ಟು ಪೇಟೆ ಬೀದಿಗೆ ವೇಷ ಇಳಿಸುವುದು ನಮ್ಮಲ್ಲೂ ಇದೆ, ದಸರೆಯ ಹುಲಿವೇಷ ಮನೆ ಅಂಗಳಕ್ಕೇ ಬರುತ್ತದೆ. ಆದರೆ ಅಂಗಳದಲ್ಲಿ ನಿಂತ ಮಗು ಇದು ವೇಷವೋ ಹುಲಿಯೋ ಎಂದು ಅಮ್ಮನ ಸೆರಗು ಹಿಡಿಯುತ್ತದಲ್ಲ, ಇಡೀ ಟೋಕಿಯೊ ನಗರವನ್ನು ಆ ಮಗುವಿನ ಸ್ಥಿತಿಗೆ ತಂದರು.

ಲೆಕ್ಕದವನು:

ಹಾಗೆ ಮಾಡಿದ್ದರ ಬೆಲೆಯನ್ನು ಬೇರೆಯವರು ತೆತ್ತರು. ಅದನ್ನು ಹೇಳಿ ನಾನು ಮುಗಿಸುತ್ತೇನೆ. 1998ರ ಏಪ್ರಿಲ್ 4ರಂದು ಟೋಕಿಯೊ ಡೋಮ್‌ನಲ್ಲಿ ಡಾನ್ ಫ್ರೈ ಎದುರು ಗೆದ್ದು ಇನೋಕಿ ನಿವೃತ್ತನಾದ. ಸಂಸ್ಥೆ ಮಾತ್ರ ಅವನ ಕೈಯಲ್ಲೇ ಇತ್ತು. ಪುರೊರೆಸುವೇ ಬಲಿಷ್ಠ ಎಂಬ ಹಳೆಯ ಮಾತನ್ನು ನಿಜ ಮಾಡಲು ತನ್ನ ಜಟ್ಟಿಗಳನ್ನು ಮಿಶ್ರ ಕದನದ ನಿಜವಾದ ಪಂದ್ಯಗಳಿಗೆ ದೂಡಿದ. ಯೂಜಿ ನಗಾಟ 2001ರ ವರ್ಷಾಂತ್ಯದ ರಾತ್ರಿ ಮಿರ್ಕೊ ಕ್ರೊ ಕಾಪ್ ಎದುರು 21 ಸೆಕೆಂಡಿನಲ್ಲಿ ಬಿದ್ದ. ಎರಡು ವರ್ಷ ಬಿಟ್ಟು ಅದೇ ರಾತ್ರಿ ಫೆಡರ್ ಎಮೆಲಿಯಾನೆಂಕೊ ಎದುರು ಒಂದು ನಿಮಿಷ ಚಿಲ್ಲರೆ. ಒಳ್ಳೆಯ ಕುಸ್ತಿಪಟು, ಚೆನ್ನಾಗಿ ತಯಾರಾಗದ ಕಣಕ್ಕೆ ಒಡೆಯನ ಹಟಕ್ಕಾಗಿ ಇಳಿದು ಮಾನ ಕಳೆದುಕೊಂಡ. ಜನ ಕುಸ್ತಿ ನೋಡುವುದನ್ನೇ ಬಿಟ್ಟರು. 2005ರಲ್ಲಿ ಇನೋಕಿ ತನ್ನ ಪಾಲನ್ನು ಯೂಕ್ಸ್ ಎಂಬ ವಿಡಿಯೊ ಗೇಮ್ ಕಂಪನಿಗೆ ಮಾರಿ ಹೊರಬಂದ. ತಾನು ಅಲಿಯೆದುರು ನಿಂತದ್ದು ಧೈರ್ಯ. ಬೇರೆಯವರನ್ನು ನಿಲ್ಲಿಸಿದ್ದಕ್ಕೆ ನನ್ನಲ್ಲಿ ಬೇರೆ ಪದವಿದೆ, ಇಲ್ಲಿ ಬರೆಯುವುದಿಲ್ಲ.

ಗೋಕಾಕ ದಾರಿ:

ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಉಸ್ತಾದನಾದವನು ಜೋಡಿ ಕಟ್ಟುವಾಗ ಹುಡುಗನ ತಯಾರಿ ನೋಡಬೇಕು. ನಮ್ಮ ಕಡೆ ಸರಿಯಲ್ಲದ ಜೋಡಿ ಕಟ್ಟಿದರೆ ಕಣದ ಸುತ್ತ ಕೂತವರೇ ಎದ್ದು ನಿಲ್ಲಿಸುತ್ತಾರೆ.

ಒಸಾಕಾ ಕನ್ನಡಿಗ:

ನಾನೂ ಒಪ್ಪುತ್ತೇನೆ. ಇಲ್ಲಿನ ಅಭಿಮಾನಿಗಳೂ ಆ ವರ್ಷಗಳ ಬಗ್ಗೆ ಮಾತಾಡುವಾಗ ದನಿ ತಗ್ಗಿಸುತ್ತಾರೆ.

ಆದರೂ ಕೊನೆಯ ದಿನಗಳನ್ನು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಅಮೈಲಾಯ್ಡೋಸಿಸ್ ಎಂಬ ಅಪರೂಪದ ಕಾಯಿಲೆ, ಬೇಡದ ಪ್ರೋಟೀನು ಅಂಗಾಂಗಗಳಲ್ಲಿ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಆಸ್ಪತ್ರೆಯ ಹಾಸಿಗೆಯಿಂದಲೇ ಯೂಟ್ಯೂಬ್‌ಗೆ ವಿಡಿಯೊ ಹಾಕಿಸುತ್ತಿದ್ದರು. ನೂರು ಕಿಲೊಗಿಂತ ಹೆಚ್ಚಿದ್ದ ಮೈ ಹಾಸಿಗೆಗೆ ಅಂಟಿಕೊಂಡಿತ್ತು, ತೋಳು ಕಡ್ಡಿಯಂತೆ. ಇಂಥ ಸ್ಥಿತಿಯನ್ನು ತೋರಿಸಬೇಕೇ ಎಂದು ನಮ್ಮ ಕಚೇರಿಯಲ್ಲೇ ಜಗಳವಾಯಿತು. ಆ ಹಿರಿಯರು ಮಾತ್ರ, ಬಲಶಾಲಿ ಇನೋಕಿಯನ್ನು ತೋರಿಸಿದವರು ಇದನ್ನೂ ತೋರಿಸಬೇಕಲ್ಲವೇ ಎಂದರು. 2022ರ ಅಕ್ಟೋಬರ್ 1ರಂದು 79ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂದು ಶನಿವಾರ. ಸೋಮವಾರ ಆ ಹಿರಿಯರು ಕೆಂಪು ಟೈ ಕಟ್ಟಿಕೊಂಡು ಬಂದಿದ್ದರು. ಯಾರೂ ಏನೂ ಕೇಳಲಿಲ್ಲ.

ಹಳೇಪೇಟೆ:

ಕೆಮ್ಮಣ್ಣು, ಮಾವನ ತೀರ್ಪು ಬಾಕಿ ಇದೆ.

ಕೆಮ್ಮಣ್ಣು:

ಮರೆತಿಲ್ಲ. ಹದಿನೈದನೇ ಸುತ್ತು ಮುಗಿದು ಗಂಟೆ ಬಾರಿಸಿದಾಗ ಮಾವ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಅಲಿ ತನ್ನ ಮೂಲೆಗೆ ನಡೆದು ಹೋಗುವ ಜಾಗಕ್ಕೆ ವಾಪಸು ತರಲು ಹೇಳಿದರು. ಎರಡು ಸಲ ನೋಡಿದರು. ಎಡಗಾಲನ್ನು ಊರುವ ರೀತಿಯನ್ನು ಬೆರಳಿಟ್ಟು ತೋರಿಸಿ, "ಇವನಿಗೆ ನಾಳೆ ಬೆಳಿಗ್ಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ" ಎಂದರು. ಪೈಲ್ವಾನೋ ನಟನೋ ಹೇಳಿ ಎಂದೆ. "ಲಾಹೋರಿನ ಆ ಹುಡುಗನ ಕುಸ್ತಿ ಇದೆಯಂತಲ್ಲ, ಅದನ್ನು ಹಾಕು ಮೊದಲು" ಎಂದರು.

ಅದರ ಪೂರ್ತಿ ಐದು ಸುತ್ತಿನ ವಿಡಿಯೊ ಯಾರ ಬಳಿಯಾದರೂ ಇದೆಯೇ? ನನಗೆ ಸಿಕ್ಕಿದ್ದೆಲ್ಲ ತುಣುಕು. ಗೋಕಾಕದ ಅಣ್ಣಾ, ನೀವು ಎಲ್ಲಿ ನೋಡಿದಿರಿ?